ಶೇ 75ರ ಲೆಕ್ಕವನ್ನು ಫೆಬ್ರುವರಿಯಲ್ಲಲ್ಲ, ಆಗಸ್ಟ್‌ನಲ್ಲೇ ತೆಗೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಸರ್ಕಾರಿ ಶಾಲೆಗಳಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಕಡ್ಡಾಯ ಇರಬೇಕೋ ಬೇಡವೋ ಎಂದು ನಿಮ್ಮ ಓದುಗರ ಪುಟದಲ್ಲಿ ಪತ್ರಗಳು ಬರುತ್ತಿವೆ. ಒಬ್ಬರು ಅದನ್ನು ಶೇ 85ಕ್ಕೆ ಏರಿಸಿ ಅಂದಿದ್ದಾರೆ. ಇನ್ನೊಬ್ಬರು ಬಡವರ ಮಕ್ಕಳಿಗೆ ಈ ನಿಯಮವೇ ಬೇಡ ಅಂದಿದ್ದಾರೆ. ಇಬ್ಬರ ಮನಸ್ಸೂ ಒಳ್ಳೆಯದೇ. ಆದರೆ ಇಬ್ಬರೂ ಹಾಜರಿ ಪುಸ್ತಕ ತೆರೆದು ಕೂತವರಲ್ಲ ಅನ್ನಿಸಿತು.

ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿದ್ದು ನಿವೃತ್ತಿಯಾದವಳು. ಪಾಠ ಮಾಡಿದವಳಲ್ಲ. ಸಂಬಳದ ಬಿಲ್ಲು, ಟಿ.ಸಿ., ವಿದ್ಯಾರ್ಥಿ ವೇತನದ ಅರ್ಜಿ ನನ್ನ ಕೆಲಸ. ಅದರ ಜೊತೆಗೆ ಹತ್ತನೇ ತರಗತಿಯ ಹಾಜರಾತಿ ಕೊರತೆಯ ಪಟ್ಟಿ. ಕ್ಲಾಸ್ ಟೀಚರು ಕೊಟ್ಟ ಲೆಕ್ಕವನ್ನು ಮತ್ತೊಮ್ಮೆ ಕೂಡಿ, ಶೇಕಡಾ ತೆಗೆದು, ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಮೇಲಕ್ಕೆ ಕಳಿಸಬೇಕಿತ್ತು. ಪಟ್ಟಿಯಲ್ಲಿ ಹೆಸರು ಬಂದ ಮಗುವಿನ ಅಪ್ಪ ಅಮ್ಮ ಮೊದಲು ಬಂದು ನಿಲ್ಲುತ್ತಿದ್ದುದು ನನ್ನ ಟೇಬಲ್ ಮುಂದೆಯೇ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಆಡುವ ಹಕ್ಕು ನನಗೂ ಇದೆ ಅಂದುಕೊಂಡಿದ್ದೇನೆ.

ಹಾಜರಿ ಪುಸ್ತಕ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ದಿನಕ್ಕೆ ಎರಡು ಸಲ ಹಾಜರಿ. ಬೆಳಗ್ಗೆ ಒಂದು ಓರೆ ಗೆರೆ, ಊಟ ಆದ ಮೇಲೆ ಇನ್ನೊಂದು. ಎರಡೂ ಬಿದ್ದರೆ ಪೂರ್ತಿ ದಿನ. ಒಂದೇ ಬಿದ್ದರೆ ಅರ್ಧ ದಿನ. ವರ್ಷಕ್ಕೆ ಶಾಲೆ 220 ದಿನ ನಡೆಯಿತು ಅಂತಿಟ್ಟುಕೊಳ್ಳಿ. ಅದರಲ್ಲಿ ಶೇ 75 ಅಂದರೆ 165 ದಿನ. 55 ದಿನ ಬರದೇ ಇದ್ದರೂ ನಡೆಯುತ್ತದೆ. ಕೇಳಲು ಇದು ಧಾರಾಳವಾಗಿಯೇ ಇದೆ, ಅಲ್ವಾ?

ಈಗ ಇಬ್ಬರು ಮಕ್ಕಳ ಲೆಕ್ಕ ಮಾಡೋಣ. ಇಂಥವರು ಪ್ರತಿ ವರ್ಷ ನಮ್ಮ ಪುಸ್ತಕದಲ್ಲಿ ಇರುತ್ತಿದ್ದರು.

ಮೊದಲನೆಯವನು ಹುಡುಗ. ಅವನ ಊರಿಗೆ ಬೆಳಗ್ಗೆ ಇರುವುದು ಒಂದೇ ಬಸ್ಸು. ಅದು ತುಂಬಿ ಬಂದರೆ ಕ್ರಾಸ್‌ನಲ್ಲಿ ನಿಲ್ಲುವುದಿಲ್ಲ. ಆಗ ಟಂಟಂ ಆಟೊ ಹಿಡಿಯಬೇಕು, ಇಲ್ಲವೇ ನಡೆಯಬೇಕು. ಶಾಲೆ ಹತ್ತಕ್ಕೆ ಶುರು. ಇವನು ಬೆವರು ಒರೆಸಿಕೊಳ್ಳುತ್ತ ಒಳಗೆ ಬರುವ ಹೊತ್ತಿಗೆ ಮೊದಲ ಪಿರಿಯಡ್ ಮುಗಿದಿರುತ್ತದೆ, ಬೆಳಗಿನ ಗೆರೆ ತಪ್ಪಿರುತ್ತದೆ. ವರ್ಷದಲ್ಲಿ 120 ದಿನ ಹೀಗಾಯಿತು ಅನ್ನಿ. 120 ಅರ್ಧ ದಿನ ಅಂದರೆ 60 ದಿನ ಹೋಯಿತು. ಉಳಿದದ್ದು 160. ಶೇಕಡಾ ತೆಗೆದರೆ 73ರ ಒಳಗೆ. ಹುಡುಗ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಆದರೂ ಹೆಸರು ಕೊರತೆ ಪಟ್ಟಿಯಲ್ಲಿ.

ಎರಡನೆಯವಳು ಹುಡುಗಿ. ನಮ್ಮ ಕಡೆ ಹತ್ತಿ ಬೆಳೆ ಜಾಸ್ತಿ. ಅಕ್ಟೋಬರ್ ಬಂತೆಂದರೆ ಹತ್ತಿ ಬಿಡಿಸಲು ಆಳು ಸಿಗುವುದಿಲ್ಲ. ಕೂಲಿ ಕೆ.ಜಿ. ಲೆಕ್ಕದಲ್ಲಿ. ಹಾಗಾಗಿ ಮನೆಯಲ್ಲಿ ಎಷ್ಟು ಕೈ ಇವೆಯೋ ಅಷ್ಟೂ ಹೊಲಕ್ಕೆ. ಹುಡುಗಿಯರ ಬೆರಳು ಚುರುಕು ಅಂತ ಮೇಸ್ತ್ರಿಗಳು ಅವರನ್ನೇ ಕೇಳುತ್ತಾರೆ. ಈ ಹುಡುಗಿ ಜೂನ್‌ನಿಂದ ದಸರಾವರೆಗೆ ಒಂದು ದಿನವೂ ತಪ್ಪಿಸಿರುವುದಿಲ್ಲ. ನವೆಂಬರ್‌ನಿಂದ ಜನವರಿವರೆಗೆ ವಾರಕ್ಕೆ ಮೂರು ದಿನ ಹೊಲ, ಮೂರು ದಿನ ಶಾಲೆ. ಹದಿಮೂರು ವಾರಕ್ಕೆ 39 ದಿನ ಹೋಯಿತು. ಉಳಿದದ್ದು 181. ಶೇ 82. ಕೊರತೆ ಪಟ್ಟಿಯಲ್ಲಿ ಅವಳ ಹೆಸರು ಬರುವುದೇ ಇಲ್ಲ. ಯಾರೂ ಅವಳನ್ನು ಕೇಳುವುದಿಲ್ಲ.

ಆದರೆ ಹತ್ತನೇ ತರಗತಿಯಲ್ಲಿ ನವೆಂಬರ್, ಡಿಸೆಂಬರ್ ಅಂದರೆ ಏನು ಅಂತ ಮೇಷ್ಟ್ರುಗಳನ್ನು ಕೇಳಿ. ಪಾಠ ಮುಗಿಸಲು ಓಡುವ ಕಾಲ ಅದು. ಜನವರಿ ದಾಟಿತೆಂದರೆ ಬರೀ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ. ಸೋಮವಾರ ಗಣಿತದ ಸೂತ್ರ ಹೇಳಿದರು, ಅವಳಿಲ್ಲ. ಗುರುವಾರ ಬಂದಳು, ಅಷ್ಟರಲ್ಲಿ ಅದರ ಮೇಲಿನ ಲೆಕ್ಕ ನಡೀತಿದೆ. ಕೇಳಲು ನಾಚಿಕೆ. ಮಾರ್ಚ್‌ನಲ್ಲಿ ಪರೀಕ್ಷೆಗೆ ಕೂತಳು, ಫೇಲಾದಳು. ಆಗ ಎಲ್ಲರೂ ಅಂದದ್ದು, ‘ಹಾಜರಾತಿ ಚೆನ್ನಾಗಿತ್ತು, ಓದಲಿಲ್ಲ ಅಷ್ಟೇ.’

ಬಂದವನನ್ನು ಹಿಡಿದು, ಬಾರದವಳನ್ನು ಬಿಡುವ ನಿಯಮ ಇದು. ಶೇ 85 ಮಾಡಿದರೂ ಇದು ಸರಿಹೋಗುವುದಿಲ್ಲ. ತೆಗೆದುಹಾಕಿದರೂ ಸರಿಹೋಗುವುದಿಲ್ಲ.

ಇನ್ನೊಂದು ನಿಯಮವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2013ರಲ್ಲಿ ನಮ್ಮ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದಕ್ಕೆ ಆಧಾರ ಪತ್ರಿಕೆಯಲ್ಲಿ ಬಂದ ವರದಿ. ಇದನ್ನು ಪತ್ರಿಕೆಯವರಿಗೇ ನೆನಪಿಸುವುದು ನನಗೆ ಖುಷಿ. ಕರ್ನಾಟಕದಲ್ಲಿ ಮಗು ಏಳು ದಿನ ಸತತವಾಗಿ ಬಾರದಿದ್ದರೆ ಶಾಲೆಯಿಂದ ಹೊರಗುಳಿದ ಮಗು ಎಂದು ಲೆಕ್ಕ. ಹುಡುಕಿಕೊಂಡು ಮನೆಗೆ ಹೋಗಬೇಕು. ಬೇರೆ ಕೆಲವು ರಾಜ್ಯಗಳಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮದು ಎಷ್ಟೋ ಮೇಲು.

ಆದರೆ ನಮ್ಮ ಹತ್ತಿ ಹುಡುಗಿಯನ್ನು ಮತ್ತೆ ನೋಡಿ. ಅವಳು ಏಳು ದಿನ ಸತತವಾಗಿ ಎಲ್ಲಿ ತಪ್ಪಿಸುತ್ತಾಳೆ? ವಾರಕ್ಕೆ ಮೂರು ದಿನ ಬಂದು ಮುಖ ತೋರಿಸುತ್ತಾಳಲ್ಲ. ಮೇಲಾಗಿ ಆ ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಒಂಬತ್ತು, ಹತ್ತನೇ ತರಗತಿಗೆ ಬರುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ 14 ದಾಟಿರುತ್ತದೆ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೂ 14ರಿಂದ 18ರವರಿಗೆ ನಿಷೇಧ ಇರುವುದು ಅಪಾಯಕಾರಿ ಕೆಲಸಗಳಿಗೆ ಮಾತ್ರ. ಅಂದರೆ ಮಗು ಶಾಲೆ ಬಿಡುವ ಸಾಧ್ಯತೆ ಜಾಸ್ತಿ ಇರುವ ವಯಸ್ಸಿಗೇ ಕಾನೂನಿನ ಹಿಡಿತ ಸಡಿಲ. ಆ ವಯಸ್ಸಿನಲ್ಲಿ ಉಳಿಯುವುದು ಈ ಶೇ 75 ಒಂದೇ.

ಅದಕ್ಕೇ ನಾನು ಅದನ್ನು ತೆಗೆಯಿರಿ ಅನ್ನುವುದಿಲ್ಲ. ತೆಗೆಯಬೇಕು ಅಂದ ಓದುಗರಿಗೆ ಒಂದು ಮಾತು ಹೇಳುತ್ತೇನೆ. ಈ ನಿಯಮ ಎಷ್ಟೋ ಹುಡುಗಿಯರ ಕೈಯಲ್ಲಿ ಇರುವ ಒಂದೇ ಆಯುಧ. ‘ಹಾಜರಿ ಕಡಿಮಿ ಆದ್ರ ಪರೀಕ್ಷೆಗಿ ಕೂಡಿಸಂಗಿಲ್ಲಂತ್ರಿ’ ಅಂತ ಮನೆಯಲ್ಲಿ ಹೇಳಿ ಹೊಲ ತಪ್ಪಿಸಿಕೊಂಡ ಹುಡುಗಿಯರು ನನಗೆ ಗೊತ್ತು. ಮದುವೆ ಮಾತು ಮುಂದೆ ಹಾಕಿಸಿದವರೂ ಇದ್ದಾರೆ. ‘ಮೇಡಂ, ನಮ್ಮಪ್ಪ ಬಂದಾಗ ಜರಾ ಜೋರಾಗಿ ಹೇಳ್ರಿ’ ಅಂತ ಗುಟ್ಟಾಗಿ ಬಂದು ಕೇಳುತ್ತಿದ್ದರು. ನಾನೂ ಜೋರಾಗಿಯೇ ಹೇಳುತ್ತಿದ್ದೆ. ಸ್ವಲ್ಪ ಹೆಚ್ಚೇ ಜೋರಾಗಿ. ನಿಯಮವೇ ಇಲ್ಲ ಅಂದರೆ ಆ ಹುಡುಗಿ ಮನೆಯಲ್ಲಿ ಏನು ಹೇಳಬೇಕು?

ಆದರೆ ಈ ನಿಯಮದ ಇನ್ನೊಂದು ಬಳಕೆಯೂ ಇದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ನಾನೀಗ ನಿವೃತ್ತಳು.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94 ತೆಗೆದು ಮೊದಲು ಬಂತು. ನಮ್ಮ ಯಾದಗಿರಿ ಶೇ 50.59 ತೆಗೆದು ಕೊನೆಗೆ ನಿಂತಿತು. ಇಂಥ ಫಲಿತಾಂಶ ಬಂದ ಮೇಲೆ ಮೇಲಿನಿಂದ ಕೆಳಗಿನವರೆಗೆ ಬೈಗುಳ ಇಳಿಯುತ್ತದೆ. ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಮುಖ್ಯ ಶಿಕ್ಷಕರಿಗೆ, ಅವರಿಂದ ವಿಷಯ ಶಿಕ್ಷಕರಿಗೆ. ಶೇಕಡಾವಾರು ಏರಿಸಲು ಎರಡು ದಾರಿ. ಫೇಲಾಗುವವರನ್ನು ಪಾಸ್ ಮಾಡಿಸುವುದು ಒಂದು. ಅದು ಕಷ್ಟ. ಫೇಲಾಗುವವರು ಪರೀಕ್ಷೆಗೇ ಕೂರದಂತೆ ನೋಡಿಕೊಳ್ಳುವುದು ಇನ್ನೊಂದು. ಅದಕ್ಕೆ ಹಾಜರಾತಿ ಕೊರತೆ ಪಟ್ಟಿ ಸಾಕು.

ಒಂದೇ ತರಗತಿಯಲ್ಲಿ ಇಬ್ಬರಿಗೂ ಶೇ 72 ಇರುತ್ತದೆ. ಚೆನ್ನಾಗಿ ಓದುವವನಿಗೆ ‘ಪಾಪ, ಜ್ವರ ಬಂದಿತ್ತು’ ಅಂತ ವೈದ್ಯರ ಚೀಟಿ ತರಿಸಿ ಸರಿ ಮಾಡುತ್ತಾರೆ. ಓದದವನಿಗೆ ನಿಯಮ ನಿಯಮವೇ. ಎಲ್ಲ ಶಾಲೆಯಲ್ಲೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಪಟ್ಟಿಯಿಂದ ಒಂದೊಂದೇ ಹೆಸರು ತೆಗೆಸಲು ಕಚೇರಿಗಳಿಗೆ ಅಲೆದ ಮುಖ್ಯ ಶಿಕ್ಷಕರನ್ನೂ ಕಂಡಿದ್ದೇನೆ. ಆದರೆ ಅದು ಅವರ ಒಳ್ಳೆಯತನ. ಮಗುವಿನ ಭವಿಷ್ಯ ಯಾರದೋ ಒಳ್ಳೆಯತನದ ಮೇಲೆ ನಿಂತಿದ್ದರೆ ಅದಕ್ಕೆ ನಿಯಮ ಅಂತ ಯಾಕೆ ಕರೆಯಬೇಕು?

ತಡವಾಗಿ ಬಂದ ಪಟ್ಟಿಯಿಂದಲೇ ಇಷ್ಟೆಲ್ಲ ಆಗುವುದು. ಫೆಬ್ರುವರಿಯಲ್ಲಿ ಲೆಕ್ಕ ತೆಗೆದರೆ ಅದು ಶಿಕ್ಷೆ ಕೊಡಲು ಮಾತ್ರ ಉಪಯೋಗ. ಆಗ ತಾಯಿ ಬಂದು ನನ್ನ ಟೇಬಲ್ ಮುಂದೆ ಅತ್ತರೆ ಏನು ಮಾಡಲು ಸಾಧ್ಯ? ಹೋದ ದಿನ ವಾಪಸ್ ಬರುತ್ತವೆಯೇ? ಅದೇ ಲೆಕ್ಕವನ್ನು ಆಗಸ್ಟ್‌ನಲ್ಲಿ ತೆಗೆದರೆ ಬಸ್ಸಿನ ಹುಡುಗ ಆಗಲೇ ಕಾಣಿಸುತ್ತಾನೆ. ನವೆಂಬರ್ ಕೊನೆಯಲ್ಲಿ ಆ ಒಂದು ತಿಂಗಳಿನದೇ ಬೇರೆ ಲೆಕ್ಕ ತೆಗೆದರೆ ಹತ್ತಿಯ ಹುಡುಗಿ ಕಾಣಿಸುತ್ತಾಳೆ. ವರ್ಷದ ಸರಾಸರಿಯಲ್ಲಿ ಅವಳು ಶೇ 82. ಆದರೆ ಆ ತಿಂಗಳಿನಲ್ಲಿ ಶೇ 50. ವರ್ಷದ ಅಂಕಿ ಸುಮ್ನೆ ಸಮಾಧಾನ ಹೇಳುತ್ತದೆ, ತಿಂಗಳ ಅಂಕಿ ನಿಜ ಹೇಳುತ್ತದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪ್ರತಿ ತಿಂಗಳ ಕೊನೆಗೆ ಆ ತಿಂಗಳ ಶೇಕಡಾ ತೆಗೆಯಿರಿ. 75ಕ್ಕಿಂತ ಕೆಳಗೆ ಬಂದ ಮಗುವಿನ ಮುಂದೆ ಕಾರಣ ಬರೆಯಿರಿ. ನಮ್ಮ ಪುಸ್ತಕದಲ್ಲಿ ಬಂದ, ಬಾರದ ಎರಡೇ ಗುರುತು. ಯಾಕೆ ಬರಲಿಲ್ಲ ಅನ್ನುವುದಕ್ಕೆ ಜಾಗವೇ ಇಲ್ಲ. ದೊಡ್ಡ ವರದಿ ಬೇಡ. ಕಾಯಿಲೆ, ಕೂಲಿ, ಬಸ್ಸು, ಗುಳೆ, ಮನೆಕೆಲಸ, ಇಷ್ಟರಲ್ಲಿ ಒಂದು ಬರೆದರೆ ಸಾಕು. ಹುಡುಗಿಯರ ವಿಷಯದಲ್ಲಿ ಶೌಚಾಲಯಕ್ಕೆ ನೀರಿಲ್ಲ ಎಂಬುದನ್ನೂ ಸೇರಿಸಿ. ತಿಂಗಳಲ್ಲಿ ಮೂರು ನಾಲ್ಕು ದಿನ ತಪ್ಪಿಸುವ ಹುಡುಗಿಯರ ಪುಟ ನೋಡಿದರೆ ಅದು ಹೆಂಗಸಾದ ನನಗೆ ತಕ್ಷಣ ತಿಳಿಯುತ್ತಿತ್ತು. ಗಂಡಸು ಮೇಷ್ಟ್ರಿಗೆ ಹೇಳಲು ಆ ಮಕ್ಕಳಿಗೆ ಬಾಯಿ ಬರುವುದಿಲ್ಲ.

ಇದನ್ನು ಯಾರು ಮಾಡಬೇಕು, ಮೇಷ್ಟ್ರಿಗೆ ಇರುವ ಕೆಲಸವೇ ಸಾಲದೇ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮಂಥ ಗುಮಾಸ್ತರು ಇರುವ ಶಾಲೆಗಳಲ್ಲಿ ಅವರಿಗೇ ವಹಿಸಿ. ಒಂದು ತರಗತಿಗೆ ಒಂದು ಮಧ್ಯಾಹ್ನ ಸಾಕು. ಗುಮಾಸ್ತರ ಹುದ್ದೆಯೇ ಖಾಲಿ ಇರುವ ಕಡೆ ಮೊದಲು ಅದನ್ನು ತುಂಬಿ. ಮಕ್ಕಳ ವಿವರವೆಲ್ಲ ಈಗ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಇದೆಯಲ್ಲ, ಅದೇ ತಿಂಗಳ ಲೆಕ್ಕ ತೆಗೆದುಕೊಡುವ ಹಾಗೆ ಮಾಡುವುದು ದೊಡ್ಡ ಮಾತೇನಲ್ಲ. ಮುಖ ಗುರುತಿಸಿ ಹಾಜರಿ ಹಾಕುವ ಕ್ಯಾಮೆರಾ ಬರುತ್ತದೆ ಎಂಬ ಸುದ್ದಿಯನ್ನೂ ಓದಿದೆ. ಬರಲಿ. ಸುಳ್ಳು ಹಾಜರಿ ಕಡಿಮೆಯಾಗಬಹುದು. ಆದರೆ ಬಸ್ಸು ತಪ್ಪಿದ ಹುಡುಗನ ಮುಖ ಹತ್ತು ಗಂಟೆಗೆ ಆ ಕ್ಯಾಮೆರಾಕ್ಕೂ ಸಿಗುವುದಿಲ್ಲ.

ಕಾರಣ ಬರೆದರೆ ಪರಿಹಾರ ಯಾರ ಕೈಯಲ್ಲಿದೆ ಅಂತಲೂ ಗೊತ್ತಾಗುತ್ತದೆ. ಅಲ್ಲಿ ಮಗುವಿನ ತಪ್ಪು ಎಷ್ಟು ಕಡಿಮೆ ಅಂತ ನೀವೇ ನೋಡುವಿರಿ. ಬಸ್ಸಿನ ವಿಷಯ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಅದರಲ್ಲಿ ನಾನೂ ಓಡಾಡುತ್ತೇನೆ, ದೂರುವುದಿಲ್ಲ. ನಮ್ಮೂರ ಹೆಂಗಸರು ಆಸ್ಪತ್ರೆಗೆ, ತವರಿಗೆ ಕೈ ಚಾಚದೆ ಹೋಗಿಬರುತ್ತಾರೆ, ದೊಡ್ಡ ವಿಷಯ. ಆದರೆ ಜನ ಹೆಚ್ಚಾದಷ್ಟು ಬಸ್ಸು ನಮ್ಮ ಹಳ್ಳಿಗಳ ಕಡೆ ಹೆಚ್ಚಾಗಲಿಲ್ಲ. ಪಾಸ್ ಹಿಡಿದು ಕ್ರಾಸ್‌ನಲ್ಲಿ ನಿಂತ ಮಕ್ಕಳು ಅಲ್ಲೇ ನಿಂತಿರುತ್ತಾರೆ. ಎಂಟನೇ ತರಗತಿ ಮಕ್ಕಳಿಗೆ 2006-07ರಿಂದ ಸೈಕಲ್ ಕೊಡುತ್ತಿದ್ದರು. ಕೋವಿಡ್ ಬಂದಾಗ ಅದೂ ನಿಂತಿತು. ಆ ಸೈಕಲ್ಲು ಗಟ್ಟಿ ಇರಲಿಲ್ಲ, ಚೈನು ಬೀಳುತ್ತಿತ್ತು, ಎಲ್ಲ ನಿಜ. ಆದರೂ ಹತ್ತು ಗಂಟೆಯ ಗಂಟೆ ಹೊಡೆಯುವುದರೊಳಗೆ ಮಗುವನ್ನು ಗೇಟಿಗೆ ತಂದು ಬಿಡುತ್ತಿತ್ತು.

ಗುಳೆ ಹೋಗುವವರದು ಇನ್ನೂ ಕಷ್ಟದ ಕಥೆ. ವಿಜಯಪುರ, ಬೀದರ್ ಕಡೆಯಿಂದ ಕಬ್ಬು ಕಡಿಯಲು ಗ್ಯಾಂಗ್ ಹೊರಡುತ್ತವೆ. ಯಾದಗಿರಿ, ರಾಯಚೂರಿನವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ದಸರಾ ಆದ ಮೇಲೆ ಶಾಲೆಯ ಎರಡನೇ ಅವಧಿ ಶುರುವಾಗುವುದೂ ಆಗಲೇ. ಹಿರಿಯರು ಹೊರಟರೆ ಮಗು ಊರಲ್ಲಿ ಯಾರ ಮನೆಯಲ್ಲಿ ಇರಬೇಕು? ಇದಕ್ಕಾಗಿ ಋತುಮಾನದ ಹಾಸ್ಟೆಲ್ ಅಂತ ಸರ್ಕಾರದಲ್ಲಿ ಯೋಜನೆ ಇದೆ, ಟೆಂಟ್ ಶಾಲೆಗಳೂ ಇವೆ. ಆದರೆ ಹಾಸ್ಟೆಲ್ ಗುಳೆಗೆ ಮೊದಲು ತೆರೆಯಬೇಕು. ಲಾರಿ ಹತ್ತಿ ಹೋದ ಮೇಲೆ ಬಾಗಿಲು ತೆರೆದರೆ ಅಲ್ಲಿ ಇರಲು ಯಾರು ಉಳಿದಿರುತ್ತಾರೆ? ಮಗು ಹೋದ ಊರಲ್ಲಿ ಯಾವುದೋ ಶಾಲೆಯಲ್ಲಿ ಕೂತಿದ್ದರೆ ಆ ದಿನಗಳನ್ನು ಇಲ್ಲಿಯ ಪುಸ್ತಕಕ್ಕೆ ಸೇರಿಸಲು ಸುಲಭದ ದಾರಿ ಬೇಕು. ಒಂದು ರಾಜ್ಯದೊಳಗೆ ಪಡಿತರ ಯಾವ ಅಂಗಡಿಯಲ್ಲಾದರೂ ಸಿಗುವ ಕಾಲ ಇದು. ಹಾಜರಿಗೆ ಮಾತ್ರ ಒಂದೇ ಪುಸ್ತಕ ಯಾಕೆ?

ಕೊನೆಗೆ ಒಂದು ಖಾರದ ಮಾತು. ಮಗುವಿನ ಹಾಜರಿ ಬರೆಯುವವರು ಶಾಲೆಯ ಹಾಜರಿಯನ್ನೂ ಬರೆಯಲಿ. 2025ರಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಮಾಡುತ್ತಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಸಮೀಕ್ಷೆ ಬೇಡ ಅನ್ನಲು ನಾನು ಯಾರು? ನಮ್ಮ ಮನೆಗೂ ಬಂದಿದ್ದರು, ಟೀ ಕುಡಿಸಿ ಕಳಿಸಿದೆ. ಆದರೆ ಖಾಸಗಿ ಶಾಲೆ ಮಕ್ಕಳು ಅಷ್ಟರಲ್ಲಿ ತರಗತಿಯಲ್ಲಿದ್ದರು. ಸರ್ಕಾರಿ ಶಾಲೆಯವರು ಮನೆಯಲ್ಲಿದ್ದರು. ಹತ್ತಿ ಬಿಡಿಸುವ ಕಾಲ ಶುರುವಾಗುವುದೂ ಆಗಲೇ ಎಂದು ಮೇಲೆ ಹೇಳಿದ್ದೇನೆ. ರಜೆಯಲ್ಲಿ ಹೊಲಕ್ಕೆ ಇಳಿದ ಮಗುವನ್ನು ರಜೆ ಮುಗಿಯಿತು ಅಂತ ಮೇಸ್ತ್ರಿ ವಾಪಸ್ ಕಳಿಸುವುದಿಲ್ಲ.

ಗಣಿತಕ್ಕೆ ಕಾಯಂ ಶಿಕ್ಷಕರಿಲ್ಲ, ಅತಿಥಿ ಶಿಕ್ಷಕರು ಇನ್ನೂ ಬಂದಿಲ್ಲ. ಮಗು ಬಂದು ಮೈದಾನದಲ್ಲಿ ಕೂತು ಊಟ ಮಾಡಿ ಹೋಯಿತು. ಪುಸ್ತಕದಲ್ಲಿ ಅದು ಪೂರ್ತಿ ಹಾಜರಿ. ಅಂದು ಶಾಲೆಯ ಗೆರೆ ಎಲ್ಲಿ ಹಾಕಬೇಕು? ಪ್ರತಿ ಶಾಲೆಯ ಸೂಚನಾ ಫಲಕದಲ್ಲಿ ತಿಂಗಳಿಗೊಮ್ಮೆ ಬರೆಯಲಿ: ಇಷ್ಟು ದಿನ ಶಾಲೆ ನಡೆಯಿತು, ಇಂಥ ವಿಷಯಕ್ಕೆ ಇಷ್ಟು ದಿನ ಶಿಕ್ಷಕರಿದ್ದರು. ಯಾವ ಶಾಲೆ ತಾನೇ ಶೇ 75 ಪಾಠ ಕೊಟ್ಟಿಲ್ಲವೋ, ಆ ಶಾಲೆ ಶೇ 75 ಇಲ್ಲ ಅಂತ ಮಗುವನ್ನು ಪರೀಕ್ಷೆಯಿಂದ ಹೊರಗಿಡಬಾರದು. ಪಟ್ಟಿಗೆ ಹೆಸರು ಸೇರಿಸುವ ಮೊದಲು ಮುಖ್ಯ ಶಿಕ್ಷಕರು ಎರಡನ್ನೂ ಜೊತೆಗಿಟ್ಟು ಕಳಿಸಬೇಕು. ತಿಂಗಳು ತಿಂಗಳು ಪೋಷಕರಿಗೆ ತಿಳಿಸಿದ್ದಕ್ಕೆ ಸಹಿ ಇಲ್ಲದ ಯಾವ ಹೆಸರನ್ನೂ ಪರೀಕ್ಷಾ ಮಂಡಳಿ ಒಪ್ಪಬಾರದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಅಂಥ ಸುತ್ತೋಲೆಗಳನ್ನು ಎಷ್ಟೋ ಫೈಲ್ ಮಾಡಿದ್ದೇನೆ, ಹೊರಡಿಸಲು ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು.

ಪೋಷಕರಿಗೂ ಒಂದು ಮಾತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದರೆ ಬರೀ ಕಾಂಪೌಂಡು, ಧ್ವಜಸ್ತಂಭ ಅಂತ ಮಾತಾಡಿ ಬರಬೇಡಿ. ಮಕ್ಕಳ ಹಾಜರಾತಿ ನೋಡಿಕೊಳ್ಳುವುದೂ ಆ ಸಮಿತಿಯ ಕೆಲಸವೇ. ಹತ್ತನೇ ತರಗತಿಯ ಹಾಜರಿ ಪುಸ್ತಕ ತೋರಿಸಿ ಅಂತ ಕೇಳಿ. ಬೆಳಗಿನ ಗೆರೆ ಇಲ್ಲದೆ ಬರೀ ಮಧ್ಯಾಹ್ನದ ಗೆರೆ ಇರುವ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅವೆಲ್ಲ ಒಂದೇ ದಾರಿಯ ಊರುಗಳ ಮಕ್ಕಳಾಗಿದ್ದರೆ, ಆ ಚೀಟಿ ಹಿಡಿದು ಬಸ್ ಡಿಪೋಗೆ ಹೋಗಿ.

ನಿವೃತ್ತ ದ್ವಿತೀಯ ದರ್ಜೆ ಸಹಾಯಕಿ,
ಯಾದಗಿರಿ ಜಿಲ್ಲೆ